ಮೂಗಿಗೆ ಸಂಬಳ ಬರುತ್ತಿದ್ದ ಕಾಕಾ

ಅವರು ತೀರಿಕೊಂಡ ಸುದ್ದಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಸಂಜೆಯೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಒಬ್ಬರು ಅವರನ್ನು ಶಿಸ್ತಿನ ಮನುಷ್ಯ ಎಂದು ಬರೆದರು, ಇನ್ನೊಬ್ಬರು ಸ್ವಚ್ಛತೆಯ ಮೂರ್ತಿ ಎಂದರು. ಬರೆದವರಲ್ಲಿ ಹೆಚ್ಚಿನವರು, ಅವರು ಲಿಫ್ಟಿನಲ್ಲಿದ್ದಾರೆಂದು ಕಂಡರೆ ಮೆಟ್ಟಿಲು ಹತ್ತಿ ಹೋಗುತ್ತಿದ್ದವರು. ನಾನೂ ಹತ್ತಿದ್ದೇನೆ. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ನನಗೆ ಬರೆಯಬೇಕಾಗಿದ್ದದ್ದು ಅಲ್ಲಿ ಹಿಡಿಸುವಷ್ಟು ಸಣ್ಣದಾಗಿರಲಿಲ್ಲ, ಅಲ್ಲಿಯವರಿಗೆ ಹಿಡಿಸುವಂಥದ್ದೂ ಆಗಿರಲಿಲ್ಲ.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಕಾಕೂ. ಧಾರವಾಡದ ಕಡೆಯವರು. ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲಿಯೇ ನಿವೃತ್ತರಾದವರು. ನಾವು ಬೆಳಗಾವಿಯಿಂದ ಬಂದು ಧನಕವಡಿಯಲ್ಲಿ ಮನೆ ಹಿಡಿದಾಗ ಅವರದು ಎದುರು ಬಾಗಿಲು. ಸಾಮಾನು ಇಳಿಸುವ ಗದ್ದಲದಲ್ಲಿ ನಮ್ಮ ಮಾತು ಅವರ ಕಿವಿಗೆ ಬಿದ್ದಿರಬೇಕು. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಹಣೆಗೆ ಸಣ್ಣ ಕುಂಕುಮದ ಬೊಟ್ಟು, ನೇರವಾಗಿ ಒಳಗೆ ಬಂದರು.

"ನಮ್ಮ ಕಡಿಯವರು ಅಂತ ಗೊತ್ತಾತು. ಭಾಳ ಸಂತೋಷಾತ್ರಿ" ಎಂದರು.

ಕುಳಿತುಕೊಳ್ಳಿ ಎಂದೆ. ಕುಳಿತುಕೊಳ್ಳಲಿಲ್ಲ. ಗಲ್ಲ ಸ್ವಲ್ಪ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ಎರಡು ಸಲ ಸಣ್ಣಗೆ ಉಸಿರು ಎಳೆದುಕೊಂಡರು. ಈ ಭಂಗಿಯನ್ನು ಮುಂದೆ ನಾನು ನೂರಾರು ಸಲ ನೋಡುವುದಿತ್ತು.

"ಮೇಡಂ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗಾಲೀಚಾ ನಾರ್ಲಿಕ್ಕತ್ತದ."

ನಾರುತ್ತಿದ್ದದ್ದು ನಿಜ. ಅದು ನಮ್ಮ ತಾಯಿ ಕೊಟ್ಟ ಉಣ್ಣೆಯ ಗಾಲೀಚಾ. ಲಾರಿಯ ಮೇಲೆ ಬರುವಾಗ ತಾಡಪತ್ರಿಯ ತೂತಿನಿಂದ ಮಳೆನೀರು ಇಳಿದು, ಸುತ್ತಿಟ್ಟಲ್ಲಿಯೇ ಮುಗ್ಗಲು ಹಿಡಿದಿತ್ತು. ನಾನು ಆಗಲೇ ಅದರ ಮೇಲೆ ಅತ್ತರು ಚಿಮುಕಿಸಿದ್ದೆ. ಅದನ್ನೂ ಅವರು ಕಂಡುಹಿಡಿದರು. ಪೈಜಾಮದ ಮೊಳಕಾಲು ಊರಿ, ಪೊಲೀಸು ನಾಯಿಯಂತೆ ಗಾಲೀಚಾಕ್ಕೆ ಮೂಗು ತಾಗಿಸಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದರು.

"ವಾಸನಿ ಮ್ಯಾಲೆ ಇರೂದಿಲ್ರಿ, ಬುಡಕ ಇರ್ತದ. ಮ್ಯಾಲೆ ಅತ್ತರ ಹೊಡದ್ರ ಏನಾಗ್ತದ? ಎರಡೂ ಕೂಡಿ ನಾರ್ತಾವ. ಮೊದಲ ಗಾಲೀಚಾ ಎತ್ರಿ, ಹಿಂದ ನೋಡ್ರಿ."

ಆಮೇಲೆ ಮಾಡಬೇಕಾದುದನ್ನೆಲ್ಲ ಹೇಳಿದರು. ಬೆನ್ನ ಭಾಗವನ್ನು ಬಿಸಿಲಿಗೆ ಒಡ್ಡಬೇಕು. ಪೂರ್ತಿ ಒಣಗಿದ ಮೇಲೆ ಅಡಿಗೆ ಸೋಡಾ ಹರಡಿ ರಾತ್ರಿಯಿಡೀ ಬಿಡಬೇಕು, ಬೆಳಿಗ್ಗೆ ಝಾಡಿಸಬೇಕು. ಕಲೆಯಿದ್ದಲ್ಲಿ ನೀರು ಬೆರೆಸಿದ ವಿನೆಗರ್ ಸಿಂಪಡಿಸಿ ಒಣ ಬಟ್ಟೆಯಿಂದ ಒತ್ತಬೇಕು, ತಿಕ್ಕಬಾರದು. ನಾನು ಹಾಗೆಯೇ ಮಾಡಿದೆ. ವಾಸನೆ ಹೋಯಿತು. ಅವರಿಗೆ ವಿದ್ಯೆ ಇತ್ತು ಎಂಬುದನ್ನು ನಾನು ಇಲ್ಲ ಎನ್ನುವುದಿಲ್ಲ.

ಆದರೆ ಆ ವಾರವೇ ಗಣಪತಿಯ ಆರತಿಗೆ ಇಡೀ ಕಟ್ಟಡ ಪಾರ್ಕಿಂಗಿನಲ್ಲಿ ಸೇರಿತ್ತು. ನಾವು ಹೊಸಬರು, ಇನ್ನೂ ಯಾರ ಮುಖವೂ ಸರಿಯಾಗಿ ಗೊತ್ತಿಲ್ಲ. ಕಾಕಾ ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಕೊಟ್ಟರು, ಸ್ವಚ್ಛ ಮರಾಠಿಯಲ್ಲಿ. ಇವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ, ಬೆಳಗಾವಿಯವರು, ಇವರ ಮನೆಗೆ ಹೋದರೆ ಮೊದಲ ದಿನ ಮೂಗು ಮುಚ್ಚಿಕೊಳ್ಳಬೇಕಾಗಿತ್ತು, ನಾನು ಸರಿ ಮಾಡಿಸಿದೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ? ಉಪಕಾರ ಮಾಡಿ ಅದನ್ನು ಮೈಕಿನಲ್ಲಿ ಹೇಳುವ ಜನರಲ್ಲಿ ಇವರೊಬ್ಬರು ಎಂದು ಆವತ್ತೇ ತಿಳಿಯಿತು.

ಸಾಬೂನಿನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿ ಇದ್ದವರು ಅವರು. ಸುಗಂಧ ಸರಿಯಾಗಿ ಬೆರೆತಿದೆಯೋ ಇಲ್ಲವೋ ಎಂದು ಮೂಸಿ ಹೇಳುವುದು ಕೆಲಸದ ಒಂದು ಭಾಗವಾಗಿತ್ತಂತೆ. ಅವರ ಬಾಯಲ್ಲಿ ಅದು ಇಡೀ ಕಾರ್ಖಾನೆಯೇ ಅವರ ಮೂಗಿನ ಮೇಲೆ ನಿಂತಂತೆ ಕೇಳುತ್ತಿತ್ತು. "ಮಂದಿ ಕೈಗೆ ಪಗಾರ ತಗೋತಾರ, ತಲಿಗೆ ತಗೋತಾರ. ನನಗ ಮೂಗಿಗೆ ಪಗಾರ ಬರ್ತಿತ್ತ್ರಿ" ಎನ್ನುವರು. ಈ ಮಾತನ್ನು ಹೊಸದಾಗಿ ಹೇಳುವವರಂತೆ ಪ್ರತಿ ಸಲವೂ ಹೇಳುತ್ತಿದ್ದರು.

ನಿವೃತ್ತರಾದ ಮೇಲೆ ಪಗಾರ ನಿಂತಿತು, ಮೂಗು ನಿಲ್ಲಲಿಲ್ಲ. ಲಿಫ್ಟಿನಲ್ಲಿ ಹತ್ತಿದವರನ್ನು ಮೂಸುವರು. ಬಾಡಿಗೆಗಿದ್ದ ಬೆಂಗಳೂರಿನ ಹುಡುಗಿಯರ ಬಾಗಿಲು ಬಡಿದು ಏನು ಬೇಯಿಸುತ್ತಿದ್ದೀರಿ ಎಂದು ಕೇಳಿದ್ದುಂಟು. "ಅಂಕಲ್, ಬರೀ ನೂಡಲ್ಸ್ ಅಷ್ಟೇ" ಎಂದು ಪಾಪ ಅವು ಪಾತ್ರೆ ತಂದು ತೋರಿಸಿದ್ದವು. ಮನೆಗೆ ಬಂದ ಕೊರಿಯರಿನವನಿಗೆ ಕಾಲುಚೀಲ ಬದಲಿಸು ಎಂದು ಬುದ್ಧಿ ಹೇಳಿದ್ದರು. "ವಾಸನಿ ಸುಳ್ಳು ಹೇಳೂದಿಲ್ಲ" ಎನ್ನುವುದು ಅವರ ಮೆಚ್ಚಿನ ಮಾತು. ಅವರ ಮುಂದೆ ನಿಂತವರೆಲ್ಲ ತಮ್ಮ ಕಂಕುಳನ್ನು ತಾವೇ ಅನುಮಾನಿಸುವಂತೆ ಮಾಡುವ ಕಲೆ ಅವರಿಗೆ ಸಿದ್ಧಿಸಿತ್ತು.

ಅವರ ಮನೆಯ ಹಾಲಿನಲ್ಲಿ ಒಂದು ದೊಡ್ಡ ಗಾಲೀಚಾ ಇತ್ತು. ದಾಳಿಂಬೆ ಬಣ್ಣದ್ದು, ಅಂಚಿಗೆ ನೀಲಿ ಬಳ್ಳಿ, ಗೋಡೆಯಿಂದ ಗೋಡೆಗೆ. ಉತ್ತರದ ಕಡೆ ಪ್ರವಾಸ ಹೋದಾಗ ತಂದದ್ದು. ಅದರ ಮೇಲೆ ಅವರದೊಂದು ಕುರ್ಚಿ ಇತ್ತು. ಬಂದವರಿಗೆ ಸೋಫಾ ಇತ್ತು. ಕಾಕೂ ಮಾತ್ರ ಅಡಿಗೆಮನೆಯ ಹೊಸ್ತಿಲ ಬಳಿ, ಗಾಲೀಚಾ ಮುಗಿಯುವಲ್ಲಿ, ಒಂದು ಮಣೆ ಹಾಕಿ ಕುಳಿತಿರುತ್ತಿದ್ದರು. ಕಾಯಿಪಲ್ಲೆ ಹೆಚ್ಚುವಾಗಲೂ ಅಲ್ಲಿಯೇ, ಟಿವಿ ನೋಡುವಾಗಲೂ ಅಲ್ಲಿಯೇ. ಅವರು ಗಾಲೀಚಾದ ಮೇಲೆ ಹೋಗುತ್ತಿದ್ದದ್ದು ಬ್ರಶ್ ಹಿಡಿದುಕೊಂಡು, ಅದನ್ನು ಉಜ್ಜುವುದಕ್ಕೆ. ಕಾಕಾ ಹೆಂಡತಿಯನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. "ಏ, ಚಹಾ." "ಏ, ಪೇಪರ್." ಅಷ್ಟೇ.

ಆ ದೊಡ್ಡ ರೋಗದ ಕಾಲದಲ್ಲಿ ಇಬ್ಬರಿಗೂ ಜ್ವರ ಬಂತು. ಬಾಗಿಲ ಮುಂದೆ ಊಟದ ಡಬ್ಬಿ ಇಟ್ಟು ಬರುತ್ತಿದ್ದೆವು. ಇಬ್ಬರೂ ಉಳಿದರು. ಕಾಕಾ ಹೊರಗೆ ಬಂದಾಗ ಸ್ವಲ್ಪ ಸೊರಗಿದ್ದರು, ದನಿ ಮಾತ್ರ ಮೊದಲಿಗಿಂತ ಜೋರಾಗಿತ್ತು. ಅವರ ಮನೆಯಲ್ಲಿ ಆಗಿನಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಧೂಪ, ಮಧ್ಯಾಹ್ನ ಊದಿನಕಡ್ಡಿ, ಯಾರಾದರೂ ಬರುವರೆಂದರೆ ಡಬ್ಬಿಯಿಂದ ಬುಸ್ಸನೆ ಗುಲಾಬಿಯ ಸ್ಪ್ರೇ. ಅತ್ತರು ಹೊಡೆದದ್ದಕ್ಕೆ ನನ್ನನ್ನು ಹಂಗಿಸಿದ್ದ ಮನುಷ್ಯ ಈಗ ಬಾಗಿಲು ತೆಗೆಯುವ ಮೊದಲು ಅರ್ಧ ಡಬ್ಬಿ ಖಾಲಿ ಮಾಡುತ್ತಿದ್ದರು. ನಾವು ವಯಸ್ಸಾಯಿತು ಎಂದುಕೊಂಡೆವು.

ಮುಂದಿನ ಮಳೆಗಾಲದಲ್ಲಿ ಆ ಗುಲಾಬಿಯ ಕೆಳಗಿನಿಂದ ಬೇರೊಂದು ವಾಸನೆ ಏಳತೊಡಗಿತು. ಒದ್ದೆ ನಾಯಿಯದು, ಹಳಸಿದ ಮಜ್ಜಿಗೆಯದು, ಕೊಳೆತ ಎಲೆಯದು, ಹೀಗೆ ಏನೇನೋ ಕೂಡಿದ್ದು. ಅವರ ಬಾಗಿಲು ತೆರೆದರೆ ನಮ್ಮ ಹಾಲಿನವರೆಗೂ ಬರುತ್ತಿತ್ತು. ಆ ಮನೆಗೆ ಹೋದರೆ ನಾನು ಬಾಯಿಂದ ಉಸಿರಾಡುತ್ತಿದ್ದೆ. ಆಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳುವರು: "ನೋಡ್ರಿ ಮೇಡಂ, ನಮ್ಮ ಮನ್ಯಾಗ ಒಂದರೆ ವಾಸನಿ ಅದ ಏನು?"

"ಇಲ್ರಿ ಕಾಕಾ" ಎನ್ನುತ್ತಿದ್ದೆ. ಎಲ್ಲರೂ ಹಾಗೆಯೇ ಎನ್ನುತ್ತಿದ್ದರು. ವಾಸನೆಯ ಮಹಾಪಂಡಿತನ ಮನೆ ನಾರುತ್ತಿದೆ ಎಂದು ಹೇಳುವ ಧೈರ್ಯ ಯಾರಿಗೆ ಇತ್ತು?

ಇಲ್ಲಿ ಶರಣಮ್ಮನ ವಿಷಯ ಹೇಳಬೇಕು. ಶರಣಮ್ಮ ಯಾದಗಿರಿಯ ಕಡೆಯ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆ ಹೋಗುವವನು. ಕಾತ್ರಜದ ಆಚೆ ಗುಡ್ಡದ ಬುಡದಲ್ಲಿ ತಗಡಿನ ಮನೆ. ನಮ್ಮ ಕಟ್ಟಡದಲ್ಲಿ ನಮ್ಮ ಮನೆ, ಕಾಕಾರ ಮನೆ ಮತ್ತು ಇನ್ನೂ ಕೆಲವು ಮನೆಗಳ ಕಸ, ನೆಲ, ಪಾತ್ರೆ ಅವಳದು. ಬಾಯಿ ಜೋರು, ಕೈ ಚುರುಕು. ಕಾಕೂ ಮತ್ತು ಅವಳು ಅಡಿಗೆಮನೆಯಲ್ಲಿ ಕನ್ನಡದಲ್ಲಿ ಹರಟುವುದು ನನಗೆ ಕೇಳಿಸುತ್ತಿತ್ತು. ಕಾಕಾಗೆ ಅದು ಸೇರುತ್ತಿರಲಿಲ್ಲ. "ಆಕಿ ನಮ್ಮ ಕಡಿ ಅಲ್ರಿ, ಆ ಬಿಸಲ ಕಡಿಯಾಕಿ" ಎನ್ನುವರು, ಕನ್ನಡವನ್ನು ಧಾರವಾಡಕ್ಕಷ್ಟೇ ಬರೆದುಕೊಟ್ಟವರಂತೆ.

ಒಂದು ಭಾನುವಾರ ಕಾಕಾರ ಹಳೆಯ ಮೇಲಧಿಕಾರಿ ಪುಣೆಯ ಹತ್ತಿರದ ಶಿರೂರಿನಿಂದ ಹೆಂಡತಿಯೊಡನೆ ಬಂದಿದ್ದರು. ಕಾಕಾ ನನ್ನನ್ನೂ ಕರೆದಿದ್ದರು. ನಮ್ಮ ಎದುರಿಗೆ ಪ್ರೊಫೆಸರರು ಇದ್ದಾರೆ ಎಂದು ತೋರಿಸಿಕೊಳ್ಳುವುದಕ್ಕೆ. ಕಾಕೂ ಉಪ್ಪಿಟ್ಟು ತಂದಿಟ್ಟರು. ಶರಣಮ್ಮ ಅಡಿಗೆಮನೆಯ ಬಾಗಿಲ ಬಳಿ ನೆಲ ಒರೆಸುತ್ತಿದ್ದಳು. ಬಂದ ಹೆಂಗಸು ಒಂದು ಚಮಚ ಬಾಯಿಗಿಟ್ಟು, ತಡೆಯಲಾರದೆ, ಗಂಡನ ಕಡೆ ತಿರುಗಿ ಮೆಲ್ಲಗೆ ಎಂದರು: "ಕಸಲಾ ತರೀ ವಾಸ ಯೇತೋಯ್." ಎಂಥದೋ ವಾಸನೆ ಬರುತ್ತಿದೆ ಎಂದು.

ಕಾಕಾರ ಮುಖ ನಾನು ನೋಡುತ್ತಿದ್ದೆ. ಒಂದು ಕ್ಷಣ ಅದು ಪೂರಾ ಖಾಲಿಯಾಯಿತು. ಕಣ್ಣುಗಳು ಗೋಡೆ, ಕಿಟಕಿ, ಅಡಿಗೆಮನೆ ಎಲ್ಲ ಕಡೆ ಓಡಾಡಿದವು. ಆಮೇಲೆ ಶರಣಮ್ಮನ ಮೇಲೆ ನಿಂತವು. ಗಲ್ಲ ಮೇಲೆದ್ದಿತು, ಎರಡು ಸಣ್ಣ ಉಸಿರು. ಮರಾಠಿಯಲ್ಲಿ ಅವರು ಹೇಳಿದ್ದು ಇಷ್ಟು: ಅದು ಕೆಲಸದವಳದು, ಈ ಜನ ಸ್ನಾನ ಮಾಡುವುದಿಲ್ಲ, ಎಷ್ಟು ಹೇಳಿದರೂ ಅಷ್ಟೇ.

ಶರಣಮ್ಮನಿಗೆ ಮರಾಠಿ ಬರುತ್ತದೆ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಕಾಕೂ ಕಣ್ಣಲ್ಲೇ ಬೇಡವೆಂದರು. ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಹೊರಟುಹೋದಳು. ನಾನು ಎದ್ದು ಅವಳ ಹಿಂದೆ ಹೋದೆ. ಉಪ್ಪಿಟ್ಟು ಹಾಗೆಯೇ ಉಳಿಯಿತು.

ಅಲ್ಲಿಗೆ ಮುಗಿದಿದ್ದರೆ ಒಂದು ಕೆಟ್ಟ ಮಾತು ಎಂದು ಮರೆಯಬಹುದಿತ್ತು. ಆದರೆ ಒಮ್ಮೆ ಹೇಳಿದ ಸುಳ್ಳನ್ನು ಕಾಕಾ ದಿನಾ ಹೇಳಬೇಕಾಯಿತು. ಲಿಫ್ಟಿನಲ್ಲಿ ಹೇಳಿದರು, ತರಕಾರಿ ಗಾಡಿಯ ಹತ್ತಿರ ಹೇಳಿದರು, ಬೆಳಗಿನ ವಾಕಿಂಗಿನಲ್ಲಿ ಹೇಳಿದರು. ಆಕೆ ಬಂದು ಹೋದ ಮನೆಗಳ ಗಾಲೀಚಾ, ಪರದೆ, ಸೋಫಾ ಎಲ್ಲ ನಾರುತ್ತವೆ ಎಂದರು. ಸಾಬೂನಿನ ಕಾರ್ಖಾನೆಯ ಮೂಗು ಹೇಳಿದೆ ಎಂದ ಮೇಲೆ ಜನರಿಗೆ ತಮ್ಮ ಮನೆಯೂ ನಾರಿದಂತೆ ಅನಿಸತೊಡಗಿತು. ಒಂದೊಂದೇ ಮನೆಯವರು ಶರಣಮ್ಮನನ್ನು ಬಿಡಿಸಿದರು. ನಮ್ಮ ಮನೆಯೊಂದು ಉಳಿಯಿತು.

ಅವಳು ಅಳುವವಳಲ್ಲ. ನಮ್ಮ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತ ಬೈದಳು. "ಯಕ್ಕಾ, ಕೆಲಸ ಬ್ಯಾಡಂದ್ರ ಬ್ಯಾಡನ್ಲಿ, ಇನ್ನೊಂದ್ ಬಿಲ್ಡಿಂಗ್ ನೋಡ್ತೀನಿ. ನಾರತಾಳ ಅಂತ ಯಾಕ್ ಹೇಳ್ಬೇಕ್ರಿ? ಗುಡ್ಡದ ಬುಡಕ ಟ್ಯಾಂಕರ್ ಬರ್ತದ, ಅಲ್ಲಿಂದ ಕೊಡ ಹೊತ್ತು ನೀರ್ ತರ್ತೀನಿ. ಅಡಗಿಗಿ ಕಮ್ಮಿ ಬಿದ್ರೂ ಜಳಕಕ್ಕ ಇಟ್ಟಿರ್ತೀನಿ. ಈಗ ಬಸ್ಸಿನಾಗ ಬಾಜೂಕ ಯಾರರೆ ಸರದು ಕುಂತ್ರ ಸಾಕು, ನನಗ ನನ್ ಮೈಮ್ಯಾಲ ಸಂಶೆ ಬರ್ತದ."

ನಾನು ಕಾಕಾರೊಡನೆ ಜಗಳ ಮಾಡಿದೆ. ಅವಳು ನಮ್ಮ ಮನೆಗೂ ಬರುತ್ತಾಳೆ, ನಮ್ಮಲ್ಲಿ ವಾಸನೆ ಇಲ್ಲ ಎಂದೆ. ಅವರು ನಕ್ಕು ಎಂದರು: "ಮೇಡಂ, ನಿಮಗ ರೂಢಿ ಆಗೇದ. ಮೊದಲ ದಿನಾನೂ ನಿಮಗ ಗೊತ್ತಾಗಿದ್ದಿಲ್ಲ, ನೆನಪದ ಏನು?"

ನಿಜ ತಿಳಿದದ್ದು ಹಾಲು ಸೀದ ದಿನ. ಕಾಲೇಜಿಗೆ ರಜೆ ಇತ್ತು. ಸುಟ್ಟ ವಾಸನೆ ಮೂಗಿಗೆ ಬಡಿದು, ನಮ್ಮ ಒಲೆ ನೋಡಿದೆ, ನಮ್ಮದಲ್ಲ. ಎದುರು ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೋದರೆ ಅಡಿಗೆಮನೆಯಿಂದ ಹೊಗೆ ಆಗಲೇ ಹೊರಗಿನ ಕೋಣೆಗೆ ಬರುತ್ತಿತ್ತು. ಕಾಕಾ ಅದಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ನಾನು ಓಡಿಹೋಗಿ ಒಲೆ ಆರಿಸಿದೆ. ಪಾತ್ರೆಯ ತಳ ಇದ್ದಿಲಾಗಿತ್ತು. ಹೊರಬಂದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು.

"ಏನ್ರಿ ಮೇಡಂ?"

"ಹಾಲು, ಕಾಕಾ. ಸುಟ್ಟು ಕರಕಾಗೇದ."

"ಹಾಂ ಹಾಂ, ಈಗ ಬಂತು ನೋಡ್ರಿ ವಾಸನಿ" ಎಂದರು. ಗಲ್ಲ ಎತ್ತಿದರು, ಎರಡು ಉಸಿರು.

ಆಗಲೇ ಕಾಕೂ ಸಂತೆಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಲಿಫ್ಟು ಕೆಟ್ಟಿತ್ತು. ಪಾತ್ರೆ ನೋಡಿ, ನನ್ನ ಮುಖ ನೋಡಿ, ನನ್ನ ಕೈಹಿಡಿದು ಹೊರಗೆ ಕರೆದುಕೊಂಡು ಬಂದರು. ಮೆಟ್ಟಿಲ ತಿರುವಿನಲ್ಲಿ ನಿಂತು ಪಿಸುಗುಟ್ಟಿದರು.

"ಅವರಿಗೆ ವಾಸನಿ ಬರೂದುಲ್ರಿ. ಜ್ವರ ಬಂದು ಹೋದಾಗಿಂದ ಏನೂ ಬರೂದುಲ್ಲ. ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಡಾಕ್ಟರಿಗೆ ತೋರಿಸಲಿಲ್ಲೇನು?"

"ಡಾಕ್ಟರ್ ಕಡೆ ಹೋಗೂದಂದ್ರ ಒಪ್ಪಿಕೊಂಡಂಗ ಆಗ್ತದಲ್ರಿ. ನನ್ನ ಮುಂದನೂ ಒಪ್ಪಿಕೊಂಡಿಲ್ಲ ಅವರು. ನಾನ ಕಂಡುಹಿಡದೀನಿ. ಇಂಗು ಮರತು ಸಾರು ಮಾಡಿದೆ, ಇಂಗಿನ ಘಮಾ ಭಾಳ ಛಲೋ ಬಂದದ ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ಶರಣಮ್ಮ ನಾರ್ತಾಳ ಅಂತ ಅವರಿಗೆ ಹೆಂಗ ಗೊತ್ತಾತು, ಕಾಕೂ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ಎಂದರು: "ಅದು ಗಾಲೀಚಾದ್ದು. ಬಾಲ್ಕನಿ ಬಾಗಲ ಬುಡಕಿಂದ ಮಳಿ ನೀರು ಒಳಗ ಬರ್ತದ. ಎತ್ತಿ ಒಣಗಸೂಣ ಅಂದ್ರ ಕೈ ಹಚ್ಚಗೊಡೂದುಲ್ಲ. ವಾಸನಿ ಎಲ್ಲೆದ, ನಿನ್ನ ಮೂಗು ಕೆಟ್ಟದ ಅಂತಾರ."

ಹೆಂಡತಿಯ ಮೂಗು ಕೆಟ್ಟಿದೆ! ಇದನ್ನು ಹೇಳಲು ಎಂಥ ಎದೆ ಬೇಕು ನೋಡಿ. ವಯಸ್ಸಾದ ಮನುಷ್ಯ ಇಂದ್ರಿಯವೊಂದನ್ನು ಕಳೆದುಕೊಂಡರೆ ಮರುಗಬೇಕು. ನಾನೂ ಮರುಗುತ್ತಿದ್ದೆ. ಆದರೆ ಈ ಮನುಷ್ಯ ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಇನ್ನೊಬ್ಬಳ ಮೈಯನ್ನು ಎಳೆದುಕೊಂಡಿದ್ದರು. ಭಾನುವಾರ ಸೊಸೈಟಿಯ ಮೀಟಿಂಗ್ ಇತ್ತು. ಶರಣಮ್ಮನನ್ನು ಕಟ್ಟಡದೊಳಗೇ ಬಿಡಬಾರದು ಎಂಬ ವಿಷಯವನ್ನು ಕಾಕಾ ಅದರಲ್ಲಿ ಇಟ್ಟಿದ್ದರು. ನಾನು ಕಾಕೂಗೆ ಹೇಳಿದೆ: "ನೀವರೆ ಹೇಳ್ರಿ, ಇಲ್ಲಾಂದ್ರ ಅವತ್ತ ಎಲ್ಲಾರ ಮುಂದ ನಾ ಹೇಳಾಕಿ." ಅವರು ನನ್ನ ಕೈಬಿಟ್ಟು ಒಳಗೆ ಹೋದರು. ಆ ವಾರವಿಡೀ ನನ್ನ ಮುಖ ನೋಡಲಿಲ್ಲ.

ಮೀಟಿಂಗ್ ಎಂದಿನಂತೆ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಅಧ್ಯಕ್ಷೆಯಾಗಿದ್ದವರು ಒಬ್ಬ ಮರಾಠಿ ಹೆಂಗಸು, ದಂತವೈದ್ಯೆ, ನಿಧಾನದ ಸ್ವಭಾವ. ನೀರಿನ ಪಂಪು, ಪಾರಿವಾಳದ ಬಲೆ ಎಲ್ಲ ಮುಗಿದ ಮೇಲೆ ಕಾಕಾ ಎದ್ದರು. ಆವತ್ತು ಅವರು ಮಾತಾಡಿದ್ದು ಚೆನ್ನಾಗಿಯೇ ಇತ್ತು. ಆರೋಗ್ಯ ಎಂದರು, ಮಕ್ಕಳು ಎಂದರು, ನನಗೆ ವೈಯಕ್ತಿಕ ದ್ವೇಷ ಇಲ್ಲ ಎಂದರು. ಶರಣಮ್ಮ ಗೇಟಿನ ಬಳಿ ನಿಂತಿದ್ದಳು. ಬರಬೇಡ ಎಂದು ನಾನು ಹೇಳಿದ್ದೆ, ಆದರೂ ಬಂದಿದ್ದಳು. ನಾನು ಮಾತಾಡಲು ಎದ್ದು ನಿಂತೆ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕಾಕೂ ಬಂದರು. ಮೀಟಿಂಗಿಗೆ ಅವರು ಎಂದೂ ಬಂದವರಲ್ಲ. ಕೈ ಒದ್ದೆಯಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. "ಸಗಳೇ ಜರಾ ವರ್ ಯಾ" ಎಂದರು ಅಧ್ಯಕ್ಷೆಗೆ. ಎಲ್ಲರೂ ಸ್ವಲ್ಪ ಮೇಲೆ ಬನ್ನಿ.

"ಏ, ಏನದು? ಒಳಗ ಹೋಗು" ಎಂದರು ಕಾಕಾ.

ಕಾಕೂ ಅವರ ಕಡೆ ನೋಡಲೇ ಇಲ್ಲ. ತಿರುಗಿ ಮೆಟ್ಟಿಲು ಹತ್ತತೊಡಗಿದರು. ಅಧ್ಯಕ್ಷೆ ಎದ್ದರು, ಒಬ್ಬರ ಹಿಂದೆ ಒಬ್ಬರು ಎಲ್ಲ ಎದ್ದರು. ಶರಣಮ್ಮನನ್ನು ನಾನು ಕೈಹಿಡಿದು ಕರೆದುಕೊಂಡು ಹೋದೆ. ಹಾಲಿನಲ್ಲಿ ಹಿಡಿಸುವಷ್ಟು ಜನ ಒಳಗೆ, ಉಳಿದವರು ಬಾಗಿಲಲ್ಲಿ. ಕಾಕಾ ಜನರನ್ನು ಸರಿಸಿಕೊಂಡು ಬಂದು ತಮ್ಮ ಕುರ್ಚಿಯ ಪಕ್ಕ ನಿಂತರು. ಕಾಕೂ ಬಾಲ್ಕನಿಯ ಬಾಗಿಲ ಬಳಿ ಹೋಗಿ, ಬಗ್ಗಿ, ಗಾಲೀಚಾದ ಮೂಲೆಯನ್ನು ಎರಡೂ ಕೈಯಿಂದ ಹಿಡಿದು, ಶಕ್ತಿಯೆಲ್ಲ ಹಾಕಿ ಎಳೆದು ಮಗುಚಿದರು.

ಅದರ ಬೆನ್ನು ಕಪ್ಪಗಿತ್ತು. ಅಡಿಯ ಕಂಬಳಿಯ ಪದರು ಕೊಳೆತು ನೆಲಕ್ಕೆ ಅಂಟಿ, ಎಳೆದಾಗ ತುಂಡು ತುಂಡಾಗಿ ಕಿತ್ತುಬಂತು. ನೆಲದ ಮೇಲೆ ಲೋಳೆಯಂಥದು ಹೊಳೆಯುತ್ತಿತ್ತು. ವಾಸನೆ ಎದ್ದ ರಭಸಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷೆ ಕರ್ಚೀಫು ಒತ್ತಿಕೊಂಡರು. ಹೆಂಗಸರೆಲ್ಲ ಸೆರಗು, ಓಢಣಿ. ಗಂಡಸರು ಅಂಗಿಯ ತೋಳು. ಯಾರೋ ಬಾಗಿಲಿಂದ ಹೊರಗೆ ಓಡಿದರು.

ಕಾಕಾ ಒಬ್ಬರೇ ಬರಿ ಮುಖದಲ್ಲಿ ನಿಂತಿದ್ದರು.

ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಏನಾಯಿತು ಎಂದು ತಿಳಿಯಲು ಅವರಿಗೆ ನಮ್ಮ ಕೈಗಳೇ ಬೇಕಾದವು. ಆಮೇಲೆ, ಬಹಳ ತಡವಾಗಿ, ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದು, ಮಡಿಕೆ ಬಿಡಿಸಿ, ಮೂಗಿಗೆ ಹಿಡಿದುಕೊಂಡರು.

ಅದನ್ನು ಎಲ್ಲರೂ ನೋಡಿದರು. ಆ ಕರ್ಚೀಫನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸುಮ್ಮನೆ ನಿಂತಿದ್ದರೆ, ನನಗೆ ಗೊತ್ತಾಗುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ, ಆ ಕೋಣೆಯಲ್ಲಿದ್ದ ಎಲ್ಲರೂ ಕರಗಿಬಿಡುತ್ತಿದ್ದರು. ಅವರು ಕರ್ಚೀಫಿನ ಹಿಂದಿನಿಂದ ಎಂದರು: "ನಾ ಮೊದಲ ಹೇಳಿದ್ದಿಲ್ಲೇನು, ವಾಸನಿ ಬುಡಕ ಇರ್ತದ ಅಂತ?"

ಅಧ್ಯಕ್ಷೆ ಶರಣಮ್ಮನ ಕಡೆ ತಿರುಗಿ, ನಾಳೆಯಿಂದ ನಮ್ಮ ಮನೆಗೆ ಬಾ ಎಂದು ಹೇಳಿ ಇಳಿದುಹೋದರು. ಉಳಿದವರು ಹಾಗೆಯೇ ಚದುರಿದರು. ಕೆಲವು ಮನೆಗಳು ಅವಳನ್ನು ಮತ್ತೆ ಕರೆದವು, ಕೆಲವು ಮುಜುಗರದಿಂದ ಕರೆಯಲಿಲ್ಲ.

ಕ್ಷಮೆ ಕೇಳಬೇಕು ಎಂದು ನಾನು ಕಾಕಾಗೆ ನೇರವಾಗಿ ಹೇಳಿದೆ. ಒಂದು ದಿನ ಸಂಜೆ ಅವರು ನಮ್ಮ ಮನೆಗೆ ಬಂದರು. ಶರಣಮ್ಮ ಪಾತ್ರೆ ತೊಳೆಯುತ್ತಿದ್ದಳು. ಅವಳ ಮುಂದೆ ನಿಂತು, ಕೆಮ್ಮಿ, ಜೇಬಿನಿಂದ ಏನೋ ತೆಗೆದು ಕಟ್ಟೆಯ ಮೇಲೆ ಇಟ್ಟರು. ಸಾಬೂನು. ಅವರ ಹಳೆಯ ಕಾರ್ಖಾನೆಯದು, ಬಂಗಾರದ ಬಣ್ಣದ ಕಾಗದ ಸುತ್ತಿದ್ದು.

"ಭಾರೀ ಸಾಬಾಣ ಅದ, ಇಟ್ಟುಕೋ" ಎಂದರು.

ಶರಣಮ್ಮ ಅದನ್ನು ನೋಡಿದಳು, ಅವರನ್ನು ನೋಡಿದಳು. ಕಾಗದ ಹರಿದು, ಅದೇ ಸಾಬೂನಿನಿಂದ ನಮ್ಮ ಕಸದ ಬುಟ್ಟಿಯನ್ನು ಒಳಗೂ ಹೊರಗೂ ತಿಕ್ಕಿ ತೊಳೆದಳು, ಅವರು ಅಲ್ಲಿ ನಿಂತಿರುವಾಗಲೇ. ಉಳಿದ ತುಂಡನ್ನು ಬುಟ್ಟಿಯ ಒಳಗೇ ಬಿಟ್ಟಳು. ಕಾಕಾ ಹೊರಟುಹೋದರು. ಅದಾದ ಮೇಲೆ ಕಾಕೂ ಎಷ್ಟು ಕರೆದರೂ ಅವಳು ಆ ಮನೆಯ ಕೆಲಸಕ್ಕೆ ಹೋಗಲಿಲ್ಲ. "ನಿಮ್ಮ ಸಂಗಟ ಎಲ್ಲಿಗಿ ಬೇಕಾದ್ರ ಬರ್ತೀನ್ರಿ ಅಮ್ಮಾ, ಆ ಹೊಸ್ತಲ ದಾಟೂದಿಲ್ಲ" ಎಂದಳು. ಸರಿಯಾಗಿಯೇ ಹೇಳಿದಳು.

ಗಾಲೀಚಾವನ್ನು ಕಾಕಾ ತೊಳೆಯುವವರಿಗೆ ಕೊಟ್ಟರು. ಬಂದಾಗಲೂ ನಾರುತ್ತಿತ್ತು. ಸೋಡಾ, ವಿನೆಗರ್, ಕರ್ಪೂರ, ಬಿಸಿಲು, ತಮ್ಮ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದರು. ಹೋಯಿತೋ ಇಲ್ಲವೋ ಎಂದು ನೋಡಲು ಅವರಿಗೆ ಮೂಗಿರಲಿಲ್ಲ, ಇನ್ನೊಬ್ಬರನ್ನು ಕೇಳಲು ಬಾಯಿ ಬರಲಿಲ್ಲ. ಒಂದು ದಿನ ಅವರು ಬ್ಯಾಂಕಿಗೆ ಹೋದಾಗ ಕಾಕೂ ಗುಜರಿ ಸಾಮಾನಿನವನನ್ನು ಕರೆದು ಅದನ್ನು ಒಯ್ಯಿಸಿಬಿಟ್ಟರು. ಕಾಕಾ ಬಂದು ಬರಿಯ ನೆಲ ನೋಡಿದರು. ಎಲ್ಲಿ ಹೋಯಿತು ಎಂದು ಕೇಳಲೇ ಇಲ್ಲವಂತೆ. ಕಾಕೂ ತಮ್ಮ ಮಣೆಯನ್ನು ಹಾಲಿನ ನಡುವೆ, ಫ್ಯಾನಿನ ಕೆಳಗೆ ತಂದು ಹಾಕಿಕೊಂಡರು.

ಹೋದ ವರ್ಷ ಕಾಕಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಎದ್ದು ಓಡಾಡಲಿಲ್ಲ. ಆರೈಕೆಗೆ ಬಂದವರು ಯಾರೂ ನಿಲ್ಲಲಿಲ್ಲ, ಕಾಕಾರ ನಾಲಗೆ ಮಾತ್ರ ಕೊನೆಯವರೆಗೂ ಗಟ್ಟಿಯಿತ್ತು. ಎಲ್ಲ ಕಾಕೂ ಒಬ್ಬರ ಮೇಲೆ. ನಾನು ಆಗಾಗ ಹೋಗುತ್ತಿದ್ದೆ. ಕಾಕೂಗಾಗಿ ಹೋಗುತ್ತಿದ್ದೆ, ಅವರಿಗಾಗಿ ಅಲ್ಲ.

ಒಂದು ಮಧ್ಯಾಹ್ನ ಕಾಕೂ ಔಷಧ ತರಲು ಕೆಳಗೆ ಹೋಗಿದ್ದರು. ನಾನು ಕಾಕಾರ ಮಂಚದ ಪಕ್ಕ ಕುಳಿತಿದ್ದೆ. ಕೋಣೆಯ ಕಿಟಕಿ ಮುಚ್ಚಿತ್ತು. ಅವರು ಸೂರು ನೋಡುತ್ತ ಮಲಗಿದ್ದರು.

"ಮೇಡಂ" ಎಂದರು. "ಒಂದು ಕೇಳ್ತೀನಿ. ಖರೇ ಹೇಳ್ರಿ. ನನ್ನ ಮೈ ವಾಸನಿ ಬರ್ತದೇನು?"

ಇದಕ್ಕೆ ಕೊಡಬೇಕಾದ ಉತ್ತರ ನನ್ನ ಬಳಿ ಎಷ್ಟೋ ಕಾಲದಿಂದ ಸಿದ್ಧವಿತ್ತು, ಬೇರೆ ಬೇರೆ ಮಾತುಗಳಲ್ಲಿ. ಅವುಗಳಲ್ಲಿ ಒಂದೂ ಆಗ ಬಾಯಿಗೆ ಬರಲಿಲ್ಲ. ಇಲ್ಲ ಎಂದು ಹೇಳುವುದೂ ಆಗಲಿಲ್ಲ.

"ಬರ್ತದ, ಕಾಕಾ" ಎಂದೆ. "ಹಾಸಿಗಿ ಒದ್ದಿ ಆಗೇದ ಕಾಣಿಸ್ತದ. ಬೆನ್ನಿನ ಹುಣ್ಣಿಂದೂ ಅದ."

ಅವರು ಕಣ್ಣು ಮುಚ್ಚಿದರು. "ಆಕಿ ದಿನಾ ಇಲ್ಲ ಅಂತಾಳ" ಎಂದರು.

"ಅವರು ಸುಳ್ಳು ಹೇಳ್ತಾರ."

"ಹೌದೇನು?" ಎಂದರು. ಕಣ್ಣು ತೆರೆದು, ಕಿಟಕಿಯ ಕಡೆ ನೋಡಿ, ಮತ್ತೆ ಎಂದರು: "ಹಂಗಾರ ಕಿಟಕಿ ತಗೀರಿ."

ಕಿಟಕಿ ತೆರೆದೆ. ಅಷ್ಟರಲ್ಲಿ ಕಾಕೂ ಬಂದರು. ಇಬ್ಬರೂ ಕೂಡಿ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆ ಚಾದರ ಎಳೆದು, ಬೆನ್ನು ಒರೆಸಿ, ಹುಣ್ಣಿಗೆ ಪುಡಿ ಹಾಕಿ, ಒಗೆದ ಚಾದರ ಹಾಸಿದೆವು. ಅವರು ಹಲ್ಲು ಕಚ್ಚಿ ಸಹಿಸಿದರು, ಯಾರನ್ನೂ ಬೈಯಲಿಲ್ಲ. ಕಾಕೂ ಕೊಳೆಯಾದ ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದರು. ಹೆಂಡತಿ ಹೋಗುವವರೆಗೆ ಕಾದು, ಕಾಕಾ ಕುತ್ತಿಗೆಯನ್ನು ನನ್ನ ಕಡೆ ತಿರುಗಿಸಿದರು.

"ಈಗ?"

ನಾನು ಬಗ್ಗಿ ಮೂಸಿ ನೋಡಿದೆ.

"ಇನ್ನೂ ಸ್ವಲ್ಪ ಅದ" ಎಂದೆ.

ಅವರು ತಲೆಯಾಡಿಸಿದರು.